ಹೊರಗೆ ಕೂತು ಚಿತ್ರ ಬರೆದರೆ ಎಲ್ಲ ಹಸಿರೂ ಒಂದೇ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಇಷ್ಟು ದಿನ ಫೋಟೊ ನೋಡಿ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೆ. ಈಗ ಹೊರಗೆ ಕೂತು ಬರೆಯಲು ಶುರು ಮಾಡಿದ್ದೇನೆ. ಗುಡ್ಡ, ತೋಟ, ಗದ್ದೆ ಎಲ್ಲ ಒಂದೇ ಹಸಿರಾಗಿಬಿಡುತ್ತವೆ. ಕಾಗದವೂ ಬೇಗ ಒಣಗುವುದಿಲ್ಲ. ಬೇರೆ ಬಣ್ಣ ಕೊಳ್ಳಬೇಕೇ?

ಉತ್ತರ: ಬೇಡ. ಪೆಟ್ಟಿಗೆಯಲ್ಲಿರುವ ಹಸಿರು ಟ್ಯೂಬನ್ನೂ ಕೆಲವು ದಿನ ಮನೆಯಲ್ಲೇ ಬಿಡಿ. ನಿಮಗೆ ತೊಂದರೆ ಕೊಡುತ್ತಿರುವುದು ಅದೇ.

ಗದ್ದೆ ಬದಿಯಲ್ಲಿ ಕೂತು ಒಮ್ಮೆ ಸುಮ್ನೆ ನೋಡಿ. ನಾಟಿಯಾಗಿ ಕೆಲವು ವಾರವಾದ ಭತ್ತದ ಹಸಿರಿನಲ್ಲಿ ಹಳದಿ ಜಾಸ್ತಿ. ಅದಕ್ಕೆ ಲೆಮನ್ ಯೆಲ್ಲೊಗೆ ಒಂದು ಚೂರು ನೀಲಿ ಸಾಕು. ಹಿಂದಿನ ಅಡಕೆ ತೋಟದ ಒಳಗೆ ಕತ್ತಲೆ ಇರುತ್ತದೆ. ಪ್ರಷ್ಯನ್ ಬ್ಲೂ, ಹಳದಿ ಬೆರೆಸಿ, ಮೇಲೆ ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಹಾಕಿ. ಅಕೇಶಿಯಾ ನೆಡುತೋಪಿನ ಹಸಿರು ಮಂಕು. ಅಲ್ಟ್ರಾಮರೀನ್ ನೀಲಿ ಜೊತೆ ಯೆಲ್ಲೊ ಆಕರ್ (ಮಣ್ಣಿನ ಹಳದಿ) ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಇನ್ನೂ ದೂರದ ಗುಡ್ಡದಲ್ಲಿ ಹಸಿರೇ ಉಳಿದಿರುವುದಿಲ್ಲ. ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದಲ್ವಾ, ಒಂದರ ಹಿಂದೆ ಒಂದು ಸಾಲು ನೀಲಿಗೆ ತಿರುಗುತ್ತಾ ಹೋಗುತ್ತದೆ. ಮರ ಹಸಿರೇ ಎಂದು ನಮಗೆ ಗೊತ್ತಿರುವುದರಿಂದ ಕೈ ಅಲ್ಲಿಗೂ ಹಸಿರನ್ನೇ ಬಳಿಯುತ್ತದೆ. ಬಣ್ಣ ಹಚ್ಚುವ ಮೊದಲು ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಎಲ್ಲಿ ಗಾಢ, ಎಲ್ಲಿ ತಿಳಿ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಅದು ಸರಿಯಾದರೆ ಬಣ್ಣ ಸ್ವಲ್ಪ ಹೆಚ್ಚುಕಮ್ಮಿಯಾದರೂ ಚಿತ್ರ ನಿಲ್ಲುತ್ತದೆ. ಬೇಸಿಗೆಗೆ ಮುಂಚೆ ಮಾವು, ನಾಗಸಂಪಿಗೆ ಕೆಂಪಾಗಿ ಚಿಗುರುತ್ತವೆ. ಆ ಕೆಂಪನ್ನು ಬಿಡಬೇಡಿ, ಪಕ್ಕದ ಹಸಿರಿಗೆ ಅದರಿಂದಲೇ ಜೀವ.

ಇನ್ನು ಒಣಗದ ಕಾಗದ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ತೆಗೆದುಕೊಳ್ಳಿ, ಅಂಗೈ ಎರಡರಷ್ಟು ಅಳತೆ ಸಾಕು. ಬಳಿದ ಜಾಗದ ಹೊಳಪು ಹೋಗಿದ್ದರೂ ಬೆರಳ ಹಿಂಭಾಗಕ್ಕೆ ತಣ್ಣಗೆ ತಾಗಿದರೆ ಅದು ಇನ್ನೂ ಹಸಿ. ಆಗ ನೀರಿನ ಕುಂಚ ಇಟ್ಟರೆ ಹೂಕೋಸಿನಂಥ ಕಲೆ ಏಳುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಹಾಳೆ ಹಿಡಿಯಿರಿ. ಆದರೆ ಮಂಜು ಬರೆಯುವಾಗ ಇದೇ ತೇವ ನಿಮ್ಮ ಕೈ ಹಿಡಿಯುತ್ತದೆ. ಗುಡ್ಡದ ಬುಡವನ್ನು ಹಸಿ ಕಾಗದದಲ್ಲೇ ಕರಗಲು ಬಿಡಿ. ಉಳಿದ ಹಾಳೆಗಳನ್ನು ಗಾಳಿಯಾಡದ ಕವರಿನಲ್ಲಿಡಿ. ತೇವ ಕುಡಿದು ಹಾಳಾದ ಕಾಗದ ಬಣ್ಣವನ್ನು ಹೀರಿ ಮಂಕು ಮಾಡುತ್ತದೆ.

ಬೆಳಕು ಓಡುತ್ತಲೇ ಇರುತ್ತದೆ. ನೆರಳನ್ನು ಮೊದಲೇ ಗುರುತು ಹಾಕಿ, ಆಮೇಲೆ ಬದಲಿಸಬೇಡಿ.

ನಮ್ಮ ರುಮಾಲೆ ಚನ್ನಬಸವಯ್ಯ ಹೂಬಿಟ್ಟ ಮರಗಳ ಎದುರೇ ನಿಂತು ಬರೆದವರು. ಬೆಂಗಳೂರಿಗೆ ಹೋದಾಗ ಅವರ ಚಿತ್ರಗಳನ್ನು ಹತ್ತಿರದಿಂದ ನೋಡಿ.

ಜಾಗಕ್ಕೆ ಮೊದಲು ನಿಮ್ಮ ತೋಟದ ಅಂಚೇ ಸಾಕು, ಆಮೇಲೆ ಕುಂದಾದ್ರಿ ಬೆಟ್ಟ. ಮೇಲಿನವರೆಗೂ ರಸ್ತೆ ಇದೆ. ಕೊಡಚಾದ್ರಿ, ಶೆಟ್ಟಿಹಳ್ಳಿ ಕಡೆ ಅಭಯಾರಣ್ಯ, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಒಬ್ಬರೇ ಹೋಗಬೇಡಿ. ಚಿತ್ರದಲ್ಲಿ ಮುಳುಗಿದಾಗ ಹಿಂದಿನ ಸದ್ದು ಕೇಳುವುದಿಲ್ಲ. ಮಳೆಗಾಲದಲ್ಲಿ ಉಂಬಳಕ್ಕೆ (ಜಿಗಣೆಗೆ) ಉಪ್ಪು ಇಟ್ಟುಕೊಳ್ಳಿ. ಕುಂಚ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಕೆಲವು ಬಣ್ಣದಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ. ಬಾಟಲಿಯಲ್ಲಿ ತುಂಬಿ ಮನೆಗೆ ತನ್ನಿ.