ಟಿಕೆಟ್ ಇಳಿಸಿದ್ದು ಸರಿ, ಪಾರ್ಕಿಂಗ್ ಕಥೆ ಏನು?
ಟಿಕೆಟ್ ದರ ಇಳಿಸಿದರೂ ನಿಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂ ಅರ್ಧ ಖಾಲಿ, ಯಾಕೆ ಅಂತ ಕೇಳಿದ್ದೀರಿ. ಜನ ಲೆಕ್ಕ ಹಾಕುವುದು ಬರೀ ಟಿಕೆಟ್ ಅಲ್ಲ, ಇಡೀ ದಿನದ ಖರ್ಚು. ಹೋದ ವರ್ಷ ನಾವು ಒಂದು ಮ್ಯಾಚಿಗೆ ಹೋಗಿದ್ದೆವು. ಟಿಕೆಟ್ ಅಗ್ಗ, ಪಾರ್ಕಿಂಗ್ ಅದಕ್ಕಿಂತ ಜಾಸ್ತಿ! ಹತ್ತಿರದ ಜಾಗವೆಲ್ಲ ದೇಣಿಗೆ ಕೊಟ್ಟವರಿಗೆ ಮೀಸಲು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅರ್ಧ ಗಂಟೆ ನಡೆದೆ. ಮತ್ತೆ ಆ ಕಡೆ ತಲೆ ಹಾಕಿಲ್ಲ.

ದೂರದಲ್ಲೊಂದು ಉಚಿತ ಪಾರ್ಕಿಂಗ್ ಕೊಟ್ಟು, ಅಲ್ಲಿಂದ ಸ್ಟೇಡಿಯಂಗೆ ಬಸ್ ಓಡಿಸಿ, ಮ್ಯಾಚ್ ಮುಗಿದ ಮೇಲೂ ಬಸ್ ಸಾಕಷ್ಟಿರಲಿ.

ತಿಂಡಿ ಬೆಲೆ ಇಳಿಸಿದರೆ ನಷ್ಟ ಅನ್ನುವವರಿಗೆ ಅಮೆರಿಕದ ಅಟ್ಲಾಂಟಾ ನಗರದ ಉದಾಹರಣೆ ತೋರಿಸಿ. ಅದು ವೃತ್ತಿಪರ ತಂಡದ್ದು, ಕಾಲೇಜಿನದ್ದಲ್ಲ, ಇರಲಿ. 2017ರಲ್ಲಿ ಫಾಲ್ಕನ್ಸ್ ತಂಡ ಹೊಸ ಸ್ಟೇಡಿಯಂನಲ್ಲಿ ಹಾಟ್ ಡಾಗ್ 2 ಡಾಲರ್‌ಗೆ ಮಾರಿತು. ತಿಂಡಿ ಬೆಲೆ ಹಳೆಯ ಸ್ಟೇಡಿಯಂನಲ್ಲಿದ್ದದ್ದರ ಅರ್ಧದಷ್ಟಾಯಿತು, ಆದರೂ ಪ್ರೇಕ್ಷಕರು ತಿಂಡಿಗೆ ಮಾಡುವ ತಲಾ ಖರ್ಚು 16% ಏರಿತು.

ಇನ್ನು ಟೇಲ್‌ಗೇಟಿಂಗ್, ಅಂದರೆ ಮ್ಯಾಚಿಗೆ ಮುಂಚೆ ಸ್ಟೇಡಿಯಂ ಹೊರಗೆ ಕಾರು, ಟೆಂಟುಗಳ ಹತ್ತಿರ ಎಲ್ಲರೂ ಸೇರಿ ಅಡುಗೆ ಮಾಡಿ, ತಿಂದು, ಹರಟುವುದು. ತೇರು ನೋಡೋಕೆ ಮಾತ್ರ ಯಾರಾದರೂ ಜಾತ್ರೆಗೆ ಹೋಗುತ್ತಾರಾ? ಇದೂ ಹಾಗೇ ಅಲ್ವಾ. ಅಮೆರಿಕದ ಮಿಸಿಸಿಪಿ ರಾಜ್ಯದ ಆಕ್ಸ್‌ಫರ್ಡ್‌ನಲ್ಲಿ, ವಿಶ್ವವಿದ್ಯಾಲಯದ ಆವರಣದಲ್ಲೇ 'ಗ್ರೋವ್' ಅನ್ನೋ ಮರಗಳ ತೋಪಿದೆ. ಮ್ಯಾಚ್ ದಿನ ಅಲ್ಲಿ ಟೆಂಟೋ ಟೆಂಟು, ಕೆಲವದರೊಳಗೆ ತೂಗುದೀಪದ ಗೊಂಚಲು ಬೇರೆ! ನಿಮಗೆ ಅಷ್ಟೆಲ್ಲ ಬೇಡ. ಪಾರ್ಕಿಂಗ್ ಗೇಟು ಬೆಳಿಗ್ಗೆ ಬೇಗ ತೆಗೆಯಿರಿ, ಶೌಚಾಲಯ, ಕಸದ ಡಬ್ಬ, ಒಲೆಯ ಕೆಂಡ ಸುರಿಯಲು ಒಂದು ಡ್ರಮ್ ಇಡಿ. ವಿದ್ಯಾರ್ಥಿಗಳಿಗೆ ಒಂದು ಮೂಲೆ ಪುಕ್ಕಟೆ ಬಿಡಿ.

ಅಂದಹಾಗೆ, ನಿಮ್ಮ ಮ್ಯಾಚ್ ಎಷ್ಟು ಗಂಟೆಗೆ? ಬೆಳಿಗ್ಗೆ 11ಕ್ಕೇ ಶುರುವಾದರೆ ಟೇಲ್‌ಗೇಟಿಂಗ್‌ಗೆ ಸಮಯವೇ ಸಿಗಲ್ಲ.