ನನಗೆ ನಾನೇ ಥ್ಯಾಂಕ್ಸ್ ಹೇಳಿಕೊಂಡರೆ ಅಹಂಕಾರ ಆಗುವುದಿಲ್ಲವೇ?

ಬೇರೆಯವರ ಉಪಕಾರ ನೆನೆಯುವುದು ಸುಲಭ, ಆದರೆ ನನಗೆ ನಾನೇ ಕೃತಜ್ಞತೆ ಹೇಳಿಕೊಳ್ಳುವುದು ಹೇಗೆ, ಅದು ಅಹಂಕಾರಕ್ಕೆ ತಿರುಗುವುದಿಲ್ಲವೇ ಎಂದು ಕೇಳಿದ್ದೀರಿ. ಅಹಂಕಾರದ ಭಯ ಬಿಡಿ. ಅಹಂಕಾರಕ್ಕೆ ಕೀಳಾಗಿ ಕಾಣಲು ಇನ್ನೊಬ್ಬರು ಬೇಕು, ಇಲ್ಲಿ ಇನ್ನೊಬ್ಬರ ಮಾತೇ ಇಲ್ಲ. ಅಲ್ಲದೆ ಈ ಭಯ ಇರುವವರು ಹೆಚ್ಚಾಗಿ ತಮ್ಮನ್ನೇ ಬೈದುಕೊಳ್ಳುವುದರಲ್ಲಿ ಪಳಗಿದವರು.

ನನ್ನ ಸಲಹೆ ಇಷ್ಟೇ: ನಿಮ್ಮ ಗುಣಗಳನ್ನು ಹೊಗಳಿಕೊಳ್ಳಬೇಡಿ, ಮಾಡಿದ ಕೆಲಸಕ್ಕೆ ಥ್ಯಾಂಕ್ಸ್ ಹೇಳಿ. ‘ನಾನು ತುಂಬ ಒಳ್ಳೆಯವಳು, ಗಟ್ಟಿಗಿತ್ತಿ’ ಅಂದುಕೊಂಡ ತಕ್ಷಣ ಮನಸ್ಸು ವಾದಕ್ಕಿಳಿಯುತ್ತದೆ, ನೂರೆಂಟು ತಪ್ಪು ಎತ್ತಿ ತೋರಿಸುತ್ತದೆ. ನಡೆದುಹೋದ ಸಂಗತಿಯ ಜೊತೆ ಅದು ಜಗಳವಾಡಲಾರದು.

ಅಮ್ಮನಿಗೆ ಹುಷಾರಿಲ್ಲದ ದಿನಗಳಲ್ಲಿ ನಾನು ಮಲಗುವ ಮುಂಚೆ ಮರುದಿನದ ಮಾತ್ರೆಗಳನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬೇರೆ ಬೇರೆ ಡಬ್ಬಿಗಳಿಗೆ ಹಾಕಿ, ಡಾಕ್ಟರ ಚೀಟಿಯೊಡನೆ ಇನ್ನೊಮ್ಮೆ ತಾಳೆ ನೋಡುತ್ತಿದ್ದೆ. ಕಣ್ಣು ಎಳೆಯುತ್ತಿರುತ್ತಿತ್ತು. ಬೆಳಗಿನ ಗಡಿಬಿಡಿಯಲ್ಲಿ ಡಬ್ಬಿ ಸಿದ್ಧವಾಗಿ ಕೈಗೆ ಸಿಕ್ಕರೆ ಎಷ್ಟೋ ನಿರಾಳ. ಅಕ್ಕ ಅದನ್ನು ಮಾಡಿಟ್ಟಿದ್ದರೆ ಖಂಡಿತ ಅವಳಿಗೆ ಥ್ಯಾಂಕ್ಸ್ ಹೇಳುತ್ತಿದ್ದೆ. ಮಾಡಿದವಳು ನಾನೇ ಅನ್ನುವ ಒಂದೇ ಕಾರಣಕ್ಕೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಆಮೇಲೆ ಒಂದು ಸಾಲು ಬರೆಯತೊಡಗಿದೆ: ‘ನಿದ್ದೆ ತಡೆಯಲಾಗದಿದ್ದರೂ ಮಾತ್ರೆ ಜೋಡಿಸಿಟ್ಟೇ ಮಲಗಿದೆಯಲ್ಲ, ಅದರಿಂದ ನನ್ನ ಬೆಳಗು ಹಗುರವಾಯಿತು.’ ಏನು ಮಾಡಿದೆ, ಅದಕ್ಕೆ ಎಷ್ಟು ಕಷ್ಟಪಟ್ಟೆ, ಯಾರಿಗೆ ಅನುಕೂಲವಾಯಿತು, ಮೂರೂ ಬರಬೇಕು. ನಿನ್ನೆಯ ನಿಮ್ಮನ್ನು ‘ನೀನು’ ಎಂದೇ ಕರೆಯಿರಿ. ಮೊದಮೊದಲು ಮುಜುಗರವಾಗುತ್ತದೆ, ಆಗಲಿ.

ಬರೆಯುವುದೇ ಏಕೆ ಅಂದರೆ, ಮುಗಿದ ಕೆಲಸ ಎಷ್ಟೋ ಸಲ ಬೇಗ ಮರೆತುಹೋಗುತ್ತದೆ, ಅರ್ಧಕ್ಕೆ ನಿಂತದ್ದು ತಲೆಯಲ್ಲೇ ಉಳಿಯುತ್ತದೆ. ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಇದರ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದ್ದರು. ದಿನವಿಡೀ ದುಡಿದೂ ರಾತ್ರಿ ‘ಏನೂ ಮಾಡಲೇ ಇಲ್ಲ’ ಅನ್ನಿಸುವುದರಲ್ಲಿ ಇದರ ಪಾಲೂ ಇದೆ ಅನ್ನುವುದು ನನ್ನ ಅನಿಸಿಕೆ. ಹಾಗಂತ ದಿನಾ ಬರೆಯಲೇಬೇಕೆಂದಿಲ್ಲ. ವಾರಕ್ಕೊಮ್ಮೆ ಸಾಕು, ಶಾಸ್ತ್ರಕ್ಕೆ ಬರೆಯುವಂತಾದರೆ ಅದರಲ್ಲಿ ಜೀವ ಇರುವುದಿಲ್ಲ.

ಹೀಗೆ ತನ್ನನ್ನು ತಾನು ಮುದ್ದು ಮಾಡಿಕೊಂಡರೆ ಸೋಮಾರಿತನ ಬರುತ್ತದೆ ಅನ್ನುವವರಿದ್ದಾರೆ. ಮನೋವಿಜ್ಞಾನಿಗಳಾದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಕಷ್ಟದ ಪರೀಕ್ಷೆಯಲ್ಲಿ ಸೋತಾಗ ತಮ್ಮ ಮೇಲೆ ಕರುಣೆ ಇಟ್ಟುಕೊಳ್ಳುವಂತೆ ಹೇಳಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು.

ಬರೆಯಲು ಏನೂ ತೋಚದಿದ್ದರೆ, ಮಾಡದೆ ಬಿಟ್ಟದ್ದನ್ನೂ ನೋಡಿ: ಸಿಟ್ಟಿನಲ್ಲಿ ಟೈಪ್ ಮಾಡಿ ಕಳಿಸದೆ ಅಳಿಸಿದ ಮೆಸೇಜ್, ಆಗುವುದಿಲ್ಲ ಎಂದು ಹೇಳಿ ಉಳಿಸಿಕೊಂಡ ಒಂದು ಸಂಜೆ. ಆದರೆ ಮನಸ್ಸು ತೀರಾ ಕುಸಿದಿದ್ದು, ಎಷ್ಟು ವಾರ ಕಳೆದರೂ ತನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಸಾಲೂ ಹೊರಡದಿದ್ದರೆ, ದಯವಿಟ್ಟು ಒಬ್ಬರೇ ಒದ್ದಾಡಬೇಡಿ. ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ.