ಮುತ್ತಜ್ಜಿಯ ಆಯುಷ್ಯ ಮತ್ತು ಸರಾಸರಿಯ ಲೆಕ್ಕ

ಪ್ರಶ್ನೆ: ನಮ್ಮ ಮುತ್ತಜ್ಜಿ ತೊಂಬತ್ತು ದಾಟಿ ಬದುಕಿದ್ದರು. ಊರಿನಲ್ಲಿ ಅವರಂಥವರು ಇನ್ನೂ ಮೂರ್ನಾಲ್ಕು ಮಂದಿ ಇದ್ದರಂತೆ. ಆದರೆ ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತು, ಈಗ 70ರ ಹತ್ತಿರ ಬಂದಿದೆ ಎಂದು ಓದಿದೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡನ್ನೂ ನಂಬಬಹುದು. ಒಂದು ಮನೆಯಲ್ಲಿ ಹತ್ತು ಮಕ್ಕಳು ಹುಟ್ಟಿ, ನಾಲ್ಕು ಮಕ್ಕಳು ವರ್ಷ ತುಂಬುವಷ್ಟರಲ್ಲಿ ತೀರಿಕೊಂಡು, ಉಳಿದ ಆರು ಮಂದಿ ಅರವತ್ತರವರೆಗೆ ಬಾಳಿದರೆಂದು ಇಟ್ಟುಕೊಳ್ಳಿ. ಆ ಹತ್ತು ಮಂದಿಯ ಸರಾಸರಿ ಆಯುಷ್ಯ ಮೂವತ್ತಾರರ ಆಸುಪಾಸಿಗೆ ಬರುತ್ತದೆ, ಆದರೆ ಮೂವತ್ತಾರನೆಯ ವಯಸ್ಸಿನಲ್ಲಿ ಆ ಮನೆಯಲ್ಲಿ ಸತ್ತವರು ಒಬ್ಬರೂ ಇಲ್ಲ. ಬದುಕುಳಿದ ಮುತ್ತಜ್ಜಿಯನ್ನು ಮನೆಯವರು ನೆನೆಯುತ್ತಾರೆ, ತೊಟ್ಟಿಲಲ್ಲೇ ಹೋದ ಅವರ ಒಡಹುಟ್ಟಿದವರನ್ನು ಯಾರೂ ನೆನೆಯುವುದಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಸಾವಿನ ಕಣ್ಣು ಬೀಳದಿರಲೆಂದು ತಿಪ್ಪಯ್ಯ, ಗುಂಡಪ್ಪ ಎಂದು ಹೆಸರಿಡುತ್ತಿದ್ದುದು ಆ ಕಾಲದ ತಾಯಂದಿರ ಭಯಕ್ಕೆ ಸಾಕ್ಷಿ.

ಸರಾಸರಿ ಏರಿದ್ದಕ್ಕೆ ಮುಖ್ಯ ಕಾರಣ ಮುದುಕರು ಇನ್ನಷ್ಟು ಮುದುಕರಾದದ್ದಲ್ಲ, ಮಕ್ಕಳು ಸಾಯದೆ ಉಳಿದದ್ದು. ಲಸಿಕೆ, ಶುದ್ಧ ನೀರು, ತಾಯಂದಿರ ಓದು ಎಲ್ಲವೂ ಇದರಲ್ಲಿ ಪಾಲುದಾರರು. ಆದರೆ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಉಪ್ಪು ಸಕ್ಕರೆಯ ನೀರು. 1971ರಲ್ಲಿ ಪೂರ್ವ ಬಂಗಾಳದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ಪಶ್ಚಿಮ ಬಂಗಾಳದ ಗಡಿಯ ಊರಾದ ಬನಗಾಂವ್‌ನ ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು ಮಲಗಿದ್ದಾಗ, ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತು. ಡಾ. ದಿಲೀಪ್ ಮಹಲನಬಿಸ್ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ನಲ್ಲಿಯಿರುವ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಯ ಕಡೆಯವರೇ ಹಿಡಿದು ತಂದು ಕುಡಿಸಿದರು. ಭೇದಿಯಾಗುವಾಗ ಬರಿಯ ಉಪ್ಪುನೀರನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಗ್ಲೂಕೋಸ್ ಜೊತೆಗಿದ್ದರೆ ಅದು ಉಪ್ಪನ್ನೂ ನೀರನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ನೂರಕ್ಕೆ ಮೂವತ್ತರವರೆಗೆ ಹೋಗಿದ್ದ ಸಾವು ಆ ಶಿಬಿರದಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಔಷಧ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಅದೇ ಮಿಶ್ರಣದ ತಿದ್ದಿದ ರೂಪ. ಅಂಥ ಕೆಲಸಕ್ಕೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮರುವರ್ಷ. ನಮ್ಮ ಸರ್ಕಾರಗಳಿಗೆ ಅಷ್ಟೇನೂ ಅವಸರವಿರಲಿಲ್ಲ.

ವಿಶ್ವಸಂಸ್ಥೆಯ ಅಂದಾಜಿನಂತೆ, ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದ ಮಕ್ಕಳು 1990ರಲ್ಲಿ ಜಗತ್ತಿನಾದ್ಯಂತ ಸುಮಾರು 1.25 ಕೋಟಿ, 2022ರಲ್ಲಿ ಅದು 49 ಲಕ್ಷಕ್ಕೆ ಇಳಿಯಿತು. ಈ ನಡುವೆ ಜನಸಂಖ್ಯೆ ಒಂದೂವರೆ ಪಟ್ಟಾಗಿದೆ ಎಂಬುದನ್ನೂ ಮರೆಯಬಾರದು. ಉಳಿದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಸಂಭವಿಸುತ್ತಿವೆ. ಇನ್ನು ವಯಸ್ಸಿನ ಲೆಕ್ಕ ಹಿಡಿದರೆ, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹುಟ್ಟಿದ ಮೊದಲ ತಿಂಗಳೊಳಗೇ ಹೋಗುತ್ತಿವೆ. ದಿನ ತುಂಬದೆ ಹುಟ್ಟಿದ, ಹುಟ್ಟುವಾಗಲೇ ಉಸಿರು ಕಟ್ಟಿದ ಕೂಸಿಗೆ ಪೊಟ್ಟಣದಿಂದ ಪ್ರಯೋಜನವಿಲ್ಲ. ಹೆರಿಗೆಯ ಹೊತ್ತಿಗೆ ಪಕ್ಕದಲ್ಲಿ ತರಬೇತಾದ ದಾದಿ ಇರಬೇಕು.